ಶಕುಂತಲೆಯನ್ನು ಮತ್ತೆ ಮತ್ತೆ ಬರೆದ ಕೈಗಳು

ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಆರನೆಯ ಅಂಕದಲ್ಲಿ ದುಷ್ಯಂತ ಒಂದು ಚಿತ್ರ ಬರೆದಿದ್ದಾನೆ. ಬೆಸ್ತನಿಗೆ ಸಿಕ್ಕ ಉಂಗುರ ಅರಮನೆಗೆ ಬಂದು ಸೇರಿದೆ, ಮರೆತದ್ದೆಲ್ಲ ನೆನಪಿಗೆ ಬಂದಿದೆ, ಸಂಕಟದಲ್ಲಿ ರಾಜ ವಸಂತೋತ್ಸವವನ್ನೇ ನಿಲ್ಲಿಸಿಬಿಟ್ಟಿದ್ದಾನೆ. ಮಾಧವೀಲತೆಯ ಮಂಟಪದಲ್ಲಿ ಕುಳಿತವನ ಮುಂದೆ ದಾಸಿ ಚತುರಿಕೆ ಚಿತ್ರಫಲಕವನ್ನು ತಂದಿಡುತ್ತಾಳೆ. ಅದರಲ್ಲಿ ಮೂವರು ಹೆಣ್ಣುಮಕ್ಕಳು. ಇವರಲ್ಲಿ ಶಕುಂತಲೆ ಯಾರು ಎಂದು ವಿದೂಷಕ ಕೇಳಿದರೆ ರಾಜ ಹೇಳುವುದಿಲ್ಲ, ನೀನೇ ಊಹಿಸು ಎನ್ನುತ್ತಾನೆ. ವಿದೂಷಕ ನೋಡುತ್ತಾನೆ. ಮುಡಿ ಸಡಿಲಾಗಿ ಹೂ ಜಾರಿದೆ, ಮುಖದ ಮೇಲೆ ಬೆವರ ಹನಿ, ತೋಳು ಸೋತು ಇಳಿಬಿದ್ದಿದೆ, ಆಗತಾನೆ ನೀರುಂಡು ಚಿಗುರು ಮಿನುಗುವ ಮಾವಿನ ಗಿಡದ ಪಕ್ಕದಲ್ಲಿ ದಣಿದು ನಿಂತಿದ್ದಾಳೆ. ಇವಳೇ ಶಕುಂತಲೆ ಎನ್ನುತ್ತಾನೆ. ಅವನ ಊಹೆ ಸರಿ.

ಚಿತ್ರದ ಅಂಚಿನಲ್ಲಿ ರಾಜನ ಬೆರಳಿನ ಬೆವರಿನ ಕಲೆಯಿದೆ. ಕೆನ್ನೆಯ ಮೇಲೆ ಅವನ ಕಣ್ಣೀರು ಬಿದ್ದು ಬಣ್ಣ ಉಬ್ಬಿದೆ. ಇಷ್ಟಾದರೂ ಚಿತ್ರ ಮುಗಿದಿಲ್ಲ. ಕುಂಚಗಳನ್ನು ತರಲು ಚತುರಿಕೆಯನ್ನು ಕಳಿಸಿ, ಇನ್ನೂ ಬರೆಯಬೇಕಾದದ್ದನ್ನು ಒಂದೊಂದಾಗಿ ಹೇಳುತ್ತಾನೆ. ಮರಳದಿಣ್ಣೆಯಲ್ಲಿ ಹಂಸದ ಜೋಡಿ ಕುಳಿತಿರುವ ಮಾಲಿನೀ ನದಿ, ಜಿಂಕೆಗಳು ಮಲಗಿರುವ ಹಿಮಾಲಯದ ತಪ್ಪಲು, ಕೊಂಬೆಗಳಿಗೆ ನಾರುಮಡಿ ಹರವಿದ ಒಂದು ಮರ, ಆ ಮರದ ಕೆಳಗೆ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣು ಜಿಂಕೆ. ಕಿವಿಗೆ ಸಿಕ್ಕಿಸಿದ ಶಿರೀಷದ ಹೂ ಬರೆದಿಲ್ಲ, ಎದೆಯ ಮೇಲಿನ ತಾವರೆ ನೂಲಿನ ಎಳೆಯೂ ಬಂದಿಲ್ಲ. ಆ ಹೆಣ್ಣು ಜಿಂಕೆಯನ್ನು ಗಮನಿಸಿ. ಚೂಪಾದ ಕೊಂಬಿಗೆ ತನ್ನ ಕಣ್ಣನ್ನೇ ಒಪ್ಪಿಸಬೇಕಾದರೆ ಎಂಥ ನಂಬಿಕೆ ಇರಬೇಕು! ತಾನು ಮುರಿದ ನಂಬಿಕೆಯನ್ನೇ ದುಷ್ಯಂತ ಮರದಡಿಯಲ್ಲಿ ಬರೆಯಹೊರಟಿದ್ದಾನೆ. ನೋಡುವವರಿಗೆ ಅದು ಹಿನ್ನೆಲೆಯ ಒಂದು ಪ್ರಾಣಿ. ನಾಟಕ ಬಲ್ಲವರಿಗೆ ಐದನೆಯ ಅಂಕದ ಅಪರಾಧವೆಲ್ಲ ಅದರಲ್ಲಿದೆ.

ನಾಟಕದಿಂದ ಹುಟ್ಟಿದ ಚಿತ್ರಗಳ ಸ್ವಭಾವವೇ ಇದು. ಅವುಗಳಲ್ಲಿ ಬರುವ ಗಿಡ, ಪ್ರಾಣಿ, ಕೈಯ ಭಂಗಿ, ಕಣ್ಣಿನ ದಿಕ್ಕು ಇವೆಲ್ಲ ಒಂದೊಂದು ಮಾತಿನ ಜಾಗದಲ್ಲಿ ನಿಂತಿರುತ್ತವೆ. ಇಂಥ ಚಿತ್ರವನ್ನು ಬೇರೊಬ್ಬರು ನೋಡಿಕೊಂಡು ಕೈಯಿಂದಲೇ ಮತ್ತೆ ಬರೆದಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ? ಇಂದು ‘ಕೈಯಿಂದ ಬರೆದ ತೈಲವರ್ಣ’ ಎಂಬ ಹೆಸರಿನಲ್ಲಿ ರವಿವರ್ಮನ ಶಕುಂತಲೆಯಿಂದ ಹಿಡಿದು ಇಂಗ್ಲಿಷ್ ಚಿತ್ರಕಾರ ಮಿಲೇಯ ಒಫೀಲಿಯಾವರೆಗೆ ಯಾವ ಚಿತ್ರ ಬೇಕಾದರೂ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಬಹುದು. ಮದುವೆ ಮಂಟಪಕ್ಕೆ, ಹೋಟೆಲಿನ ಹಜಾರಕ್ಕೆ, ಹೊಸ ಮನೆಯ ಗೋಡೆಗೆ ಅವು ಬರುತ್ತಿವೆ. ಇಂಥ ನಕಲುಗಳನ್ನು ಕೀಳಾಗಿ ಕಾಣುವವರಿದ್ದಾರೆ. ಅಸಲಿನ ಹಾಗೇ ಇದೆಯಲ್ಲ ಎಂದು ತೃಪ್ತಿಪಡುವವರೂ ಇದ್ದಾರೆ. ನನಗೆ ಈ ಎರಡೂ ಸಾಲದು. ನಾಟಕದ ಚಿತ್ರದ ನಕಲನ್ನು ಅಳೆಯಲು ಅಸಲಿನ ಜೊತೆಗೆ ನಾಟಕವನ್ನೂ ಇಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಈ ಕಥೆಗೆ 1789 ಮುಖ್ಯವಾದ ವರ್ಷ. ಆ ವರ್ಷ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಶಾಕುಂತಲದ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದೇ ವರ್ಷ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಜಾನ್ ಬಾಯ್ಡೆಲ್ ಎಂಬ ಮುದ್ರಣಚಿತ್ರಗಳ ವ್ಯಾಪಾರಿ ಶೇಕ್ಸ್‌ಪಿಯರ್ ಗ್ಯಾಲರಿ ತೆರೆದ. ಶೇಕ್ಸ್‌ಪಿಯರನ ದೃಶ್ಯಗಳನ್ನು ಬರೆದುಕೊಡಲು ರೆನಾಲ್ಡ್ಸ್, ಫ್ಯೂಸೆಲಿ, ರಾಮ್ನಿ, ಏಂಜೆಲಿಕಾ ಕಾಫ್‌ಮನ್ ಮುಂತಾದವರಿಗೆ ಹಣ ಕೊಟ್ಟು, ಆ ಚಿತ್ರಗಳನ್ನು ತಾಮ್ರದ ಫಲಕಗಳಲ್ಲಿ ಕೊರೆಸಿ, ಅಚ್ಚುಗಳನ್ನು ಚಂದಾದಾರರಿಗೆ ಮಾರುವುದು ಅವನ ಲೆಕ್ಕಾಚಾರ. ಗ್ಯಾಲರಿಯಲ್ಲಿ ತೂಗಿದ್ದು ಅಸಲು, ಹಣ ಬರಬೇಕಾದದ್ದು ನಕಲಿನಿಂದ. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಬಾಯ್ಡೆಲ್ 1804ರ ಕೊನೆಯಲ್ಲಿ ತೀರಿಕೊಂಡ. 1805ರಲ್ಲಿ ಇಡೀ ಸಂಗ್ರಹ ಲಾಟರಿಯಲ್ಲಿ ಹೋಗಿ, ಅಲ್ಲಿಂದ ಹರಾಜಿಗೆ ಬಂದು ಚದುರಿತು. ಆ ಗ್ಯಾಲರಿ ಹೇಗಿತ್ತೆಂದು ಇಂದು ತಿಳಿಯಲು ಮುಖ್ಯವಾಗಿ ನೆರವಾಗುವುದು ಕೊರೆತಗಾರರು ಬಿಟ್ಟುಹೋದ ಆ ಅಚ್ಚುಗಳೇ.

ತಾಮ್ರದ ಮೇಲೆ ಕೊರೆಯುವವನು ಬಣ್ಣವನ್ನು ಗೆರೆ ಮತ್ತು ಚುಕ್ಕೆಗಳಾಗಿ ಬದಲಿಸಬೇಕು, ಚಿತ್ರವನ್ನು ಎಡಬಲ ತಿರುಗಿಸಿ ಯೋಚಿಸಬೇಕು, ಒಂದೇ ಫಲಕಕ್ಕೆ ಎಷ್ಟೋ ತಿಂಗಳು ತಲೆ ಬಗ್ಗಿಸಿ ಕೂರಬೇಕು. ಅದೂ ಕೈಯಿಂದ ಆದ ಪ್ರತಿಕೃತಿಯೇ. ಯಂತ್ರದ ನಕಲು ಒಂದು ಕಡೆ, ಕೈಯ ನಕಲು ಇನ್ನೊಂದು ಕಡೆ ಎಂಬ ನಮ್ಮ ಇಂದಿನ ವಿಂಗಡಣೆ ಆ ಕಾಲಕ್ಕೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಮಧ್ಯವರ್ತಿಯೇ ಬೇಡವೆಂದು ಕಲ್ಲಿನ ಮೇಲೆ ತಾನೇ ನೇರವಾಗಿ ಬರೆದವನು ಫ್ರೆಂಚ್ ಚಿತ್ರಕಾರ ಡೆಲಾಕ್ರಾ. 1828ರಲ್ಲಿ ಅವನ ‘ಫೌಸ್ಟ್’ ಶಿಲಾಮುದ್ರಣಗಳು ಬಂದವು, 1843ರಲ್ಲಿ ‘ಹ್ಯಾಮ್ಲೆಟ್’ನವು.

ರವಿವರ್ಮ ಆ ದಾರಿ ಹಿಡಿಯಲಿಲ್ಲ. ಅವನ ಕತೆ ಬೇರೆ, ನಮಗೆ ಹತ್ತಿರದ್ದು ಕೂಡ.

1876ರ ‘ಶಕುಂತಲಾ ಪತ್ರಲೇಖನ’ ಅವನಿಗೆ ದೊಡ್ಡ ಹೆಸರು ತಂದ ಚಿತ್ರ. ಮದ್ರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಅದನ್ನು ಕೊಂಡ. ಸಂಸ್ಕೃತ ವಿದ್ವಾಂಸ ಮೋನಿಯರ್ ವಿಲಿಯಮ್ಸ್ ತನ್ನ ಶಾಕುಂತಲದ ಅನುವಾದಕ್ಕೆ ಅದನ್ನೇ ಮುಖಚಿತ್ರ ಮಾಡಿಕೊಂಡ. ಹೀಗೆ ನಾಟಕದಿಂದ ಬಂದ ಚಿತ್ರ ಮತ್ತೆ ನಾಟಕದ ಪುಸ್ತಕದೊಳಕ್ಕೇ ಹೋಗಿ ಕುಳಿತಿತು. ಮುಂದೆ ಸೋದರಿ ನಿವೇದಿತಾ ಈ ಚಿತ್ರವನ್ನು ಕಟುವಾಗಿ ಟೀಕಿಸಿದರು. ನೆಲದ ಮೇಲೆ ಉದ್ದಕ್ಕೆ ಮಲಗಿ ಓಲೆ ಬರೆಯುವ ಹೆಣ್ಣು ಅವರಿಗೆ ಉಚಿತವೆನಿಸಲಿಲ್ಲ. ಆದರೆ ಮೂರನೆಯ ಅಂಕವನ್ನು ತೆರೆದರೆ ಮಲಗಿರುವುದಕ್ಕೆ ಕಾರಣ ಅಲ್ಲೇ ಸಿಗುತ್ತದೆ. ಶಕುಂತಲೆ ತಾಪದಿಂದ ಬಳಲಿ ಹೂ ಹಾಸಿದ ಕಲ್ಲಿನ ಮೇಲೆ ಒರಗಿದ್ದಾಳೆ, ಗೆಳತಿಯರು ಉಪಚಾರ ಮಾಡುತ್ತಿದ್ದಾರೆ, ಬರೆಯಲು ಬೇರೇನೂ ಇಲ್ಲದೆ ತಾವರೆ ಎಲೆಯ ಮೇಲೆ ಉಗುರಿನಿಂದ ಗೀರುತ್ತಾಳೆ. ನಾಟಕವನ್ನು ಪಕ್ಕಕ್ಕಿಟ್ಟು ನೋಡಿದರೆ ಅದು ಸಡಿಲ ಭಂಗಿ, ನಾಟಕದೊಂದಿಗೆ ನೋಡಿದರೆ ಜ್ವರದಂಥ ವಿರಹ. ನಿವೇದಿತಾ ಅವರ ಇತರ ಆಕ್ಷೇಪಗಳಲ್ಲಿ ತೂಕವಿದೆ, ಇದರಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಹೆಚ್ಚು ನಕಲಾದ ಚಿತ್ರ ಇನ್ನೊಂದು: ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆ. ಇದರ ಮೂಲ ತಿರುವನಂತಪುರದಲ್ಲಿದೆ. ಮೊದಲ ಅಂಕದ ಕೊನೆಯಲ್ಲಿ ಶಕುಂತಲೆ ಎರಡು ನೆಪ ಹೂಡುತ್ತಾಳೆ. ಎಳೆಯ ದರ್ಭೆ ಕಾಲಿಗೆ ಚುಚ್ಚಿತು ಎನ್ನುವುದು ಒಂದು, ನಾರುಮಡಿ ಗಿಡದ ಕೊಂಬೆಗೆ ಸಿಕ್ಕಿಕೊಂಡಿತು ಎನ್ನುವುದು ಇನ್ನೊಂದು. ಎರಡನೆಯ ಅಂಕದಲ್ಲಿ ದುಷ್ಯಂತ ಅದನ್ನೇ ವಿದೂಷಕನಿಗೆ ಹೇಳಿಕೊಂಡು ಹಿಗ್ಗುತ್ತಾನೆ. ನಾಲ್ಕು ಹೆಜ್ಜೆ ಹೋಗಿ ಕಾರಣವಿಲ್ಲದೆ ನಿಂತಳು, ಸಿಕ್ಕಿಕೊಳ್ಳದ ಬಟ್ಟೆಯನ್ನು ಬಿಡಿಸಿಕೊಳ್ಳುವಂತೆ ಮಾಡಿದಳು ಎಂದು. ರವಿವರ್ಮ ಎರಡರಲ್ಲಿ ಒಂದು ನೆಪವನ್ನಷ್ಟೇ ಆರಿಸಿಕೊಂಡ. ಗೆಳತಿಯ ಹೆಗಲ ಮೇಲೆ ಒಂದು ಕೈ, ಎತ್ತಿದ ಪಾದದ ಬಳಿ ಇನ್ನೊಂದು ಕೈ, ಮುಖ ಮಾತ್ರ ಹಿಂದಕ್ಕೆ. ಗೆಳತಿಯರಿಗೆ ಗುಟ್ಟು ಗೊತ್ತು. ದುಷ್ಯಂತ ಚಿತ್ರದಲ್ಲೇ ಇಲ್ಲ. ಶಕುಂತಲೆಯ ನೋಟ ಚೌಕಟ್ಟಿನಾಚೆ ಹೋಗುತ್ತದೆ, ಅಲ್ಲಿ ರಾಜನನ್ನು ನಿಲ್ಲಿಸಿಕೊಳ್ಳುವುದು ನಾಟಕ ಬಲ್ಲ ನಮ್ಮ ಕೆಲಸ.

ಈ ಚಿತ್ರವನ್ನು ನಕಲು ಮಾಡುವವರಿಗೆ ಬರುವ ಕಷ್ಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫೋಟೋದ ಮೇಲೆ ಗ್ರಾಫ್ ಹಾಕಿ, ಅಷ್ಟೇ ಚೌಕಗಳನ್ನು ಕ್ಯಾನ್ವಾಸ್ ಮೇಲೆ ಎಳೆದು, ಒಂದೊಂದು ಚೌಕದಲ್ಲಿ ಕಾಣುವ ಗೆರೆಯನ್ನು ಇಳಿಸಿಕೊಳ್ಳುವುದು ಎಲ್ಲ ಕಲಾವಿದರಿಗೂ ಗೊತ್ತಿರುವ ಕ್ರಮ. ಇದರಿಂದ ಅಳತೆ ತಪ್ಪುವುದಿಲ್ಲ. ತಪ್ಪುವುದು ಭಾರ. ಶಕುಂತಲೆಯ ಮೈಭಾರ ನಿಂತ ಕಾಲಿನ ಮೇಲೂ ಗೆಳತಿಯ ಹೆಗಲ ಮೇಲೂ ಹಂಚಿಹೋಗಿರಬೇಕು. ಹೆಗಲ ಮೇಲಿನ ಬೆರಳುಗಳು ಬರೀ ತಾಗಿದಂತೆ ಬಂದರೆ ಅವಳು ಬೀಳುತ್ತಾಳೆ, ಬಿಗಿಯಾಗಿ ಹಿಡಿದಂತೆ ಬಂದರೆ ನಿಜವಾಗಿಯೂ ಗಾಯವಾದಂತೆ ಕಾಣುತ್ತದೆ. ಪಾದದ ಬಳಿಯ ಕೈಯೂ ಹಾಗೆಯೇ. ಅದು ಹುಡುಕುತ್ತಿರಬಾರದು, ಹುಡುಕುವಂತೆ ನಟಿಸುತ್ತಿರಬೇಕು. ಅಂಗಾಲಿನಲ್ಲಿ ಏನೂ ಇಲ್ಲವೆಂದು ಆ ಬೆರಳುಗಳಿಗೆ ಗೊತ್ತಿದೆ. ಕಣ್ಣಿನ ಪಾಪೆ ಕೂದಲೆಳೆಯಷ್ಟು ಈಚೆ ಸರಿದರೂ ಅವಳು ದುಷ್ಯಂತನನ್ನು ಬಿಟ್ಟು ನಮ್ಮನ್ನು ನೋಡತೊಡಗುತ್ತಾಳೆ, ಅಲ್ಲಿಗೆ ನಾಟಕ ಮುಗಿಯಿತು. ಅಗ್ಗದ ನಕಲುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ. ಮುಖ ಚೆಂದ ಬರಲಿ ಎಂದು ಬರೆಯುವವರು ಅದನ್ನು ಇತ್ತ ತಿರುಗಿಸುತ್ತಾರೆ. ಕೆಲವರು ಗೆಳತಿಯರನ್ನು ಕತ್ತರಿಸಿ ಶಕುಂತಲೆಯೊಬ್ಬಳನ್ನೇ ಉಳಿಸುತ್ತಾರೆ. ಗೆಳತಿಯ ಹೆಗಲಿಲ್ಲದೆ ಆ ಭಂಗಿಗೆ ಆಧಾರವಿಲ್ಲ, ಗೆಳತಿಯರ ನಗೆಯಿಲ್ಲದೆ ಆ ನೆಪ ನೆಪವೆಂದು ತಿಳಿಯುವುದೂ ಇಲ್ಲ.

ಬಟ್ಟೆಯ ಕಥೆ ಇನ್ನೂ ಸ್ವಾರಸ್ಯದ್ದು. ಕಾಳಿದಾಸನ ಶಕುಂತಲೆ ಉಡುವುದು ನಾರುಮಡಿ. ಗೆಳತಿ ಪ್ರಿಯಂವದೆ ಅದನ್ನು ಬಿಗಿಯಾಗಿ ಕಟ್ಟಿದ್ದಾಳೆಂಬ ದೂರು ಮೊದಲ ಅಂಕದಲ್ಲೇ ಇದೆ. ರವಿವರ್ಮ ಅವಳಿಗೆ ಮೆದುವಾದ ಸೀರೆ ಉಡಿಸಿ, ಹೂವಿನ ಒಡವೆ ಉಳಿಸಿದ. ಅವನ ನಂತರ ಬರೆದ ಕೈಗಳು ಆ ಸೀರೆಗೆ ಅಂಚು ಸೇರಿಸಿದವು, ಅಂಚಿಗೆ ಜರಿ ಸೇರಿಸಿದವು, ಹೂವಿನ ಜಾಗದಲ್ಲಿ ಚಿನ್ನದ ಬಳೆ ತೊಡಿಸಿದವು. ಈಗ ಚಿನ್ನದ ರೇಕು ಅಂಟಿಸಿದ ಶಕುಂತಲೆಯರನ್ನೂ ಕಾಣಬಹುದು. ದೇವರ ಪಟಕ್ಕೆ ಒಪ್ಪುವ ಆ ಉಬ್ಬು ಚಿನ್ನದ ಕೆಲಸ ಇಲ್ಲಿ ನಾಟಕದ ಬುಡಕ್ಕೇ ಪೆಟ್ಟು ಕೊಡುತ್ತದೆ. ಒಡವೆಯಿಲ್ಲದ ಆಶ್ರಮದ ಹುಡುಗಿಯ ಬೆರಳಿಗೆ ಅರಮನೆಯ ಉಂಗುರವೊಂದು ಬರುವುದೇ ಕಥೆಯ ತಿರುವು. ಮೊದಲ ಅಂಕದಲ್ಲೇ ಮೈತುಂಬ ಚಿನ್ನವಿದ್ದರೆ ಆ ಒಂದು ಉಂಗುರಕ್ಕೆ ಬೆಲೆ ಎಲ್ಲಿಂದ ಬರಬೇಕು?

ಇಷ್ಟಾದರೂ ನಕಲುಗಾರರ ಮೇಲೆ ಪೂರ್ತಿ ಹೊಣೆ ಹೊರಿಸುವುದು ನ್ಯಾಯವಲ್ಲ. ಅವರಲ್ಲಿ ಹೆಚ್ಚಿನವರು ಮೂಲಚಿತ್ರವನ್ನು ಕಂಡವರಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಓಲಿಯೋಗ್ರಾಫ್ ಎಂಬ ಬಣ್ಣದ ಅಚ್ಚು, ಆಮೇಲೆ ಅದನ್ನು ನೋಡಿ ಮಾಡಿದ ಕ್ಯಾಲೆಂಡರ್, ಈಗ ಮೊಬೈಲಿನ ಪರದೆ. ದಿವಾನರಾಗಿದ್ದ ಟಿ. ಮಾಧವರಾಯರು ರವಿವರ್ಮನಿಗೆ ನಿನ್ನ ಚಿತ್ರಗಳನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್ ಮಾಡಿಸೆಂದು ಸಲಹೆ ಕೊಟ್ಟಿದ್ದರು. ಬೇಡಿಕೆಯನ್ನು ಒಂದು ಕೈಯಿಂದ ಪೂರೈಸಲು ಸಾಧ್ಯವಿಲ್ಲವೆಂದು ಅವರಿಗೆ ತಿಳಿದಿತ್ತು. ರವಿವರ್ಮ 1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತನ್ನದೇ ಮುದ್ರಣಾಲಯ ತೆರೆದ. ಅಲ್ಲಿಂದ ಹೊರಬಿದ್ದ ಮೊದಲ ಚಿತ್ರ ‘ಶಕುಂತಲಾ ಜನ್ಮ’. ಮುಂದೆ ಮುದ್ರಣಾಲಯ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಸಾಲದ ಹೊರೆಯಿಂದ ಜರ್ಮನಿಯ ಫ್ರಿಟ್ಜ್ ಷ್ಲೈಖರ್ ಕೈಸೇರಿತು, 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಓಲಿಯೋಗ್ರಾಫ್ ಮಾಡುವ ಕ್ರಮ ಗೊತ್ತಿಲ್ಲದೆ ಈ ಚರ್ಚೆ ಪೂರ್ಣವಾಗದು. ಮೂಲಚಿತ್ರವನ್ನು ನೋಡಿಕೊಂಡು ಒಬ್ಬ ಕುಶಲಕರ್ಮಿ ಅದನ್ನು ಬಣ್ಣಬಣ್ಣವಾಗಿ ಬಿಡಿಸುತ್ತಾನೆ. ಹಳದಿ ಎಲ್ಲೆಲ್ಲಿ ಬೇಕು, ತಿಳಿಗೆಂಪು ಎಲ್ಲೆಲ್ಲಿ, ಕಂದು ಎಲ್ಲೆಲ್ಲಿ ಎಂದು ನಿರ್ಧರಿಸಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಶಾಯಿಯಿಂದ ಚುಕ್ಕೆಚುಕ್ಕೆಯಾಗಿ ಬರೆಯುತ್ತಾನೆ. ಜಿಡ್ಡು ಇರುವಲ್ಲಿ ಮಸಿ ಹಿಡಿಯುತ್ತದೆ, ನೀರು ಇರುವಲ್ಲಿ ಹಿಡಿಯುವುದಿಲ್ಲ. ಅದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಇಟ್ಟು ಒತ್ತಿ ಬಣ್ಣಗಳು ಒಂದರ ಮೇಲೊಂದು ಕೂತಾಗ ಶಕುಂತಲೆ ಮೂಡುತ್ತಾಳೆ. ಕೊನೆಗೆ ವಾರ್ನಿಷ್ ಹಚ್ಚಿ, ಕ್ಯಾನ್ವಾಸಿನ ನೇಯ್ಗೆಯ ಗುರುತನ್ನು ಒತ್ತಿ ಎಣ್ಣೆಚಿತ್ರದ ಹೊಳಪು ತರಿಸುತ್ತಾರೆ. ಅಂದರೆ ನಮ್ಮ ಅಜ್ಜಅಜ್ಜಿಯರ ಮನೆಗಳಲ್ಲಿ ‘ರವಿವರ್ಮನ ಚಿತ್ರ’ ಎಂದು ತೂಗಿದ್ದುದರಲ್ಲಿ ಪ್ರತಿಯೊಂದು ಚುಕ್ಕೆಯನ್ನೂ ಇಟ್ಟದ್ದು ಹೆಸರು ಉಳಿಯದ ಇನ್ನೊಬ್ಬನ ಕೈ. ಚಿತ್ರವನ್ನು ಬರೆದ ರವಿವರ್ಮನೂ ಒಬ್ಬಂಟಿಯಾಗಿರಲಿಲ್ಲ. ತಮ್ಮ ರಾಜರಾಜವರ್ಮ ಅವನ ಜೊತೆಗೇ ಕುಳಿತು ಹಿನ್ನೆಲೆಯ ನಿಸರ್ಗವನ್ನು ಬರೆಯುತ್ತಿದ್ದ, ಬೇಡಿಕೆ ಬಂದ ವಿಷಯಗಳನ್ನು ಅಣ್ಣತಮ್ಮಂದಿರು ಮತ್ತೆ ಮತ್ತೆ ಬರೆದುಕೊಟ್ಟರು. ‘ಅಸಲು’ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು.

ಅಚ್ಚಾದ ಮೇಲೂ ಕೈಗಳು ಸುಮ್ಮನಿರಲಿಲ್ಲ. ಮನೆಯ ಹೆಣ್ಣುಮಕ್ಕಳು ಓಲಿಯೋಗ್ರಾಫಿನ ಮೇಲೆ ರೇಷ್ಮೆಯ ತುಂಡು ಅಂಟಿಸಿ, ಜರಿ ಹೊಲಿದು, ಮಿಂಚು ಬಿಲ್ಲೆ ಪೋಣಿಸಿ, ಲಕ್ಷ್ಮಿಗೂ ದಮಯಂತಿಗೂ ಶಕುಂತಲೆಗೂ ಬಟ್ಟೆ ತೊಡಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್ ಸಂಗ್ರಹಾಲಯದಲ್ಲಿ ಇಂಥ ಜನಪ್ರಿಯ ಮುದ್ರಣಗಳ ದೊಡ್ಡ ಸಂಗ್ರಹವೇ ಇದೆ. ಈ ಹೊಲಿಗೆಯನ್ನು ನಾನು ನಕಲಿನ ಸಾಲಿಗೆ ಸೇರಿಸುವುದಿಲ್ಲ. ಬಹುಶಃ ಕಥೆಯನ್ನು ಬಾಯಿಪಾಠವಾಗಿ ಬಲ್ಲವರು, ಅದರೊಳಕ್ಕೆ ಹೋಗಲು ಕಂಡುಕೊಂಡ ದಾರಿ ಅದು.

ಕನ್ನಡದ ಸಂಬಂಧ ಇಲ್ಲಿ ಅಕಸ್ಮಾತ್ತಾಗಿ ಬಂದದ್ದಲ್ಲ. ಚುರಮರಿ ಶೇಷಗಿರಿರಾಯರ ಕನ್ನಡ ‘ಶಾಕುಂತಲ’ 1870ರದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ‘ಶಾಕುಂತಲ’ವನ್ನು ಪುಣೆಯಲ್ಲಿ ರಂಗಕ್ಕೆ ತಂದದ್ದು 1880ರಲ್ಲಿ. ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಅವರಿಗೆ ಆಶ್ರಯ ಕೊಟ್ಟ ಚಾಮರಾಜೇಂದ್ರ ಒಡೆಯರೇ 1885ರಲ್ಲಿ ರವಿವರ್ಮನನ್ನು ಮೈಸೂರಿಗೆ ಕರೆಸಿದರು. ಅರಮನೆ ಒಂದೇ. ಒಬ್ಬರು ಶಕುಂತಲೆಗೆ ಕನ್ನಡದ ಮಾತು ಕೊಟ್ಟವರು, ಇನ್ನೊಬ್ಬ ರೂಪ ಕೊಟ್ಟವನು. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರವಿವರ್ಮನ ದೊಡ್ಡ ಪುರಾಣಚಿತ್ರಗಳ ಮುಂದೆ ನಿಂತವರಿಗೆ ಅವನ ಆಕೃತಿಗಳು ರಂಗದ ಮೇಲೆ ನಿಂತ ಪಾತ್ರಗಳ ಹಾಗೆ ಬೆಳಕಿಗೆ ಮುಖ ಕೊಟ್ಟು ನಿಂತಿರುವುದು ಕಾಣುತ್ತದೆ. ಆ ಕಾಲದ ಪಾರ್ಸಿ ಮತ್ತು ಮರಾಠಿ ರಂಗಭೂಮಿಯ ಪ್ರಭಾವವನ್ನು ವಿಮರ್ಶಕರು ಅವನಲ್ಲಿ ಗುರುತಿಸಿದ್ದಾರೆ.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯಿತು. ಕಂಪನಿ ನಾಟಕಗಳಿಗೆ ಪರದೆ ಬರೆಯುವವರು ಬಣ್ಣದ ಪುಡಿಗೆ ಸರೇಸು ಬೆರೆಸಿ, ಬಟ್ಟೆಯನ್ನು ನೆಲಕ್ಕೆ ಹಾಸಿ ಬರೆದ ಕಾಡಿನ ಪರದೆ, ಅರಮನೆಯ ಪರದೆ, ಉದ್ಯಾನದ ಪರದೆಗಳಲ್ಲಿ ರವಿವರ್ಮನ ಮರ, ಕೊಳ, ಕಂಬಗಳು ಹಿಗ್ಗಿ ನಿಂತವು. ಈ ಕೆಲಸದ ಲೆಕ್ಕವೇ ಬೇರೆ. ಗ್ಯಾಸ್‌ಲೈಟ್ ಬೆಳಕಿನಲ್ಲಿ ಹಿಂದಿನ ಸಾಲಿಗೂ ಕಾಣುವಂತೆ ಬರೆಯಬೇಕು, ಮಡಚಿ ಗಾಡಿಗೆ ಹೇರಿದರೆ ಬಣ್ಣ ಉದುರಬಾರದು, ಮುಂದೆ ನಿಂತ ನಟನನ್ನು ಪರದೆ ನುಂಗಬಾರದು. ಅವರಿಗೆ ರವಿವರ್ಮ ಒಂದು ಭಂಡಾರವಾಗಿದ್ದ, ಬೇಕಾದಷ್ಟನ್ನು ತೆಗೆದುಕೊಂಡು ಬಾಕಿಯನ್ನು ಬಿಟ್ಟರು. ಪರದೆ ಹರಿದರೆ ಹೊಸದನ್ನು ಬರೆಸುತ್ತಿದ್ದರು, ಹಳೆಯದನ್ನು ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ನಾಟಕದ ಚಿತ್ರ ನಾಟಕಕ್ಕೇ ಮರಳಿದ ಆ ಪರದೆಗಳನ್ನು ಇಂದು ನೋಡುವ ಭಾಗ್ಯ ನಮಗಿಲ್ಲದಿರುವುದು ಕನ್ನಡ ರಂಗಭೂಮಿಗೆ ಆದ ದೊಡ್ಡ ನಷ್ಟ.

ಶಕುಂತಲೆ ಪ್ಯಾರಿಸ್ಸಿಗೂ ಹೋದಳು. ಕೆಮಿಲ್ ಕ್ಲಾಡೆಲ್ ಎಂಬ ಶಿಲ್ಪಿ 1888ರಲ್ಲಿ ‘ಸಾಕುಂತಲಾ’ ಎಂಬ ಶಿಲ್ಪವನ್ನು ಪ್ರದರ್ಶಿಸಿದಳು. ಏಳನೆಯ ಅಂಕದ ಪುನರ್ಮಿಲನ ಅದರ ವಸ್ತು. ದುಷ್ಯಂತ ಮೊಣಕಾಲೂರಿ ತಲೆಯೆತ್ತಿದ್ದಾನೆ, ಶಕುಂತಲೆ ಅವನತ್ತ ಬಾಗಿ ಒರಗಿದ್ದಾಳೆ. ಅದೇ ಶಿಲ್ಪವನ್ನು ಆಕೆ ಮುಂದೆ ಅಮೃತಶಿಲೆಯಲ್ಲೂ ಕಂಚಿನಲ್ಲೂ ಮಾಡಿದಳು, 1905ರಲ್ಲಿ ಬಂದ ಆ ರೂಪಗಳ ಹೆಸರು ಬೇರೆ. ಅಮೃತಶಿಲೆಯದು ರೋಮನ್ ಪುರಾಣದ ವರ್ಟಮ್ನಸ್ ಮತ್ತು ಪೊಮೋನಾ ಆಯಿತು, ಕಂಚಿನದು ‘ಸಮರ್ಪಣೆ’ ಎನ್ನುವ ಅರ್ಥದ ಹೆಸರು ಪಡೆಯಿತು. ದೇಹಗಳು ಅವೇ, ಭಂಗಿಯೂ ಅದೇ, ಕೆತ್ತಿದ ಕೈಯೂ ಅದೇ. ಆದರೆ ಮೊದಲಿನದರಲ್ಲಿ ಮಂಡಿಯೂರಿದ ಗಂಡಸು ಕ್ಷಮೆ ಕೇಳುತ್ತಿದ್ದಾನೆ, ಆಮೇಲಿನವುಗಳಲ್ಲಿ ಪ್ರೀತಿಸುತ್ತಿದ್ದಾನೆ ಅಷ್ಟೆ. ಪ್ರತಿಕೃತಿ ಎಷ್ಟೇ ಕರಾರುವಾಕ್ಕಾಗಿದ್ದರೂ ನಾಟಕದ ಕೊಂಡಿ ಕಳಚಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಶೇಕ್ಸ್‌ಪಿಯರನ ಕಡೆಗೆ ಬಂದರೆ, ಇಂದು ಅತಿ ಹೆಚ್ಚು ನಕಲಾಗುವ ಚಿತ್ರಗಳಲ್ಲಿ ಮಿಲೇಯ ‘ಒಫೀಲಿಯಾ’ ಒಂದು. ‘ಹ್ಯಾಮ್ಲೆಟ್’ನಲ್ಲಿ ಒಫೀಲಿಯಾಳ ಸಾವು ರಂಗದ ಮೇಲೆ ನಡೆಯುವುದಿಲ್ಲ, ರಾಣಿ ಗರ್ಟ್ರೂಡ್ ಬಂದು ಅದನ್ನು ವರ್ಣಿಸುತ್ತಾಳೆ. ಪ್ರೇಕ್ಷಕರು ಕಿವಿಯಿಂದ ಕಂಡದ್ದನ್ನು ಮಿಲೇ ಕಣ್ಣಿಗೆ ತಂದ. 1851ರಲ್ಲಿ ಯೂವೆಲ್ ಬಳಿಯ ಹಾಗ್ಸ್‌ಮಿಲ್ ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಕುಳಿತು ಗಿಡ, ನೀರು, ಹೂಗಳನ್ನು ಬರೆದ. ಚಳಿಗಾಲದಲ್ಲಿ ಲಂಡನ್ನಿಗೆ ಮರಳಿ, ರೂಪದರ್ಶಿ ಎಲಿಜಬೆತ್ ಸಿಡಾಲ್‌ಳನ್ನು ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಆಕೃತಿ ಬರೆದ. ತೊಟ್ಟಿಯ ಕೆಳಗಿನ ದೀಪಗಳು ಆರಿ ನೀರು ತಣ್ಣಗಾಗಿ ಅವಳು ಕಾಯಿಲೆ ಬಿದ್ದಳು. ಈ ಚಿತ್ರದಲ್ಲಿ ಪ್ರತಿ ಹೂವೂ ಗುರುತು ಹಿಡಿಯುವಂತಿದೆ. ಹೆಚ್ಚಿನವು ನಾಟಕದ ಮಾತುಗಳಿಂದ ಬಂದವು, ಕೆಂಪು ಗಸಗಸೆ ಹೂವನ್ನಂತೂ ಸಾವಿನ ಸೂಚನೆಯಾಗಿ ಮಿಲೇ ತಾನೇ ಇಟ್ಟ. ನಕಲಿನಲ್ಲಿ ಮೊದಲು ಮಸುಕಾಗುವುದು ಈ ಹೂಗಳೇ. ಮುಖವನ್ನು ಶ್ರದ್ಧೆಯಿಂದ ಬರೆದು, ಹೂಗಳನ್ನು ಕುಂಚದ ತುದಿಯಿಂದ ಚುಕ್ಕೆ ಹೊಡೆದು ಮುಗಿಸುತ್ತಾರೆ. ಹುಚ್ಚಿನಲ್ಲಿ ಆಕೆ ಒಬ್ಬೊಬ್ಬರಿಗೆ ಒಂದೊಂದು ಹೂ ಹಂಚಿದ ದೃಶ್ಯ ಅಲ್ಲಿಗೆ ಅಳಿಸಿಹೋಗುತ್ತದೆ, ಉಳಿಯುವುದು ನೀರಿನ ಮೇಲೊಬ್ಬ ಸುಂದರಿ.

ಇಂಥ ನಕಲುಗಳ ದೊಡ್ಡ ಊರು ಚೀನಾದ ಶೆನ್‌ಝೆನ್‌ನ ದಾಫೆನ್. ಹಾಂಗ್‌ಕಾಂಗ್‌ನ ವ್ಯಾಪಾರಿ ಹ್ವಾಂಗ್ ಜಿಯಾಂಗ್ 1989ರಲ್ಲಿ ಕೆಲವು ಚಿತ್ರಕಾರರನ್ನು ಕರೆತಂದು ಶುರು ಮಾಡಿದ ಕೆಲಸ ಸಾವಿರಾರು ಜನರ ಕಸುಬಾಯಿತು. ಅದನ್ನು ಬರೀ ಕಾರ್ಖಾನೆ ಎಂದು ತಳ್ಳಿಹಾಕುವುದು ಸುಲಭ. ವಿನ್ನಿ ವಾಂಗ್ 2013ರಲ್ಲಿ ಪ್ರಕಟಿಸಿದ ‘ವ್ಯಾನ್ ಗೋ ಆನ್ ಡಿಮ್ಯಾಂಡ್’ ಎಂಬ ಅಧ್ಯಯನ ಆ ಊಹೆಯನ್ನು ಒಪ್ಪುವುದಿಲ್ಲ. ಅಲ್ಲಿನವರೂ ಹಳ್ಳಿಗಳಿಂದ ಬಂದು, ಗುರುವಿನ ಬಳಿ ಕಲಿತು, ತಮ್ಮನ್ನು ಚಿತ್ರಕಾರರೆಂದೇ ಕಂಡುಕೊಳ್ಳುವ ಜನ. ಕೈಚಳಕದಲ್ಲಿ ಅವರಿಗೆ ಕೊರತೆಯಿಲ್ಲ. ಆರ್ಡರ್ ಕೊಡುವವರು ಫೋಟೋ ಕಳಿಸುತ್ತಾರೆ, ಅಳತೆ ಹೇಳುತ್ತಾರೆ, ಗಡುವು ಹೇಳುತ್ತಾರೆ. ಈ ಹುಡುಗಿ ಯಾರು, ಯಾಕೆ ಹಿಂದಿರುಗಿ ನೋಡುತ್ತಿದ್ದಾಳೆ ಎಂದು ಹೇಳುವವರು ಯಾರು? ನಮ್ಮಲ್ಲಿ ಆರ್ಡರ್ ತೆಗೆದುಕೊಂಡು ಬರೆದುಕೊಡುವ ಕಲಾವಿದರ ಸ್ಥಿತಿಯೂ ಇದಕ್ಕಿಂತ ತೀರ ಬೇರೆಯಲ್ಲ. ಎಣ್ಣೆಬಣ್ಣದ ಒಂದು ಪದರ ಒಣಗಿದ ಮೇಲೆ ತೆಳುವಾದ ಇನ್ನೊಂದನ್ನು ಹಾಯಿಸಿದರೆ ಮಾತ್ರ ರವಿವರ್ಮನ ಮೈಬಣ್ಣದ ಒಳಬೆಳಕು ಬರುತ್ತದೆ. ಅದಕ್ಕೆ ವಾರಗಳು ಬೇಕು. ಗಿರಾಕಿಗೆ ಗೃಹಪ್ರವೇಶದ ಮುಹೂರ್ತ ಹತ್ತಿರ. ಹೀಗಾಗಿ ಅಕ್ರಿಲಿಕ್‌ನಲ್ಲಿ ಬೇಗ ಮುಗಿಯುತ್ತದೆ, ಮೈ ಮೇಣದ ಹಾಗೆ ಕಾಣುತ್ತದೆ.

ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅನುಮತಿ ಪಡೆದವರು ಚಿತ್ರಗಳ ಮುಂದೆಯೇ ಕುಳಿತು ನಕಲು ಮಾಡಬಹುದು. ನಕಲು ಮೂಲಕ್ಕಿಂತ ಐದನೇ ಒಂದರಷ್ಟು ಚಿಕ್ಕದೋ ದೊಡ್ಡದೋ ಆಗಿರಬೇಕು, ಮೂಲ ಕಲಾವಿದನ ಸಹಿ ಹಾಕಬಾರದು, ಕ್ಯಾನ್ವಾಸಿನ ಹಿಂದೆ ಮೊಹರು ಬೀಳುತ್ತದೆ. ಇಷ್ಟು ಸರಳವಾದ ಕ್ರಮವನ್ನು ನಮ್ಮ ಗ್ಯಾಲರಿಗಳೂ ತರಬಾರದೇಕೆ? ರವಿವರ್ಮ 1906ರಲ್ಲಿ ತೀರಿಕೊಂಡವನು, ಅವನ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ, ನಕಲು ಮಾಡಲು ಯಾರ ಅಪ್ಪಣೆಯೂ ಬೇಡ. ಅವನ ಕೃತಿಗಳು 1979ರಿಂದ ರಾಷ್ಟ್ರೀಯ ಕಲಾನಿಧಿಗಳೆಂದು ಘೋಷಿತವಾಗಿರುವುದರಿಂದ ಮೂಲಗಳನ್ನು ದೇಶದಾಚೆ ಸಾಗಿಸುವಂತಿಲ್ಲ. ಹೀಗಿರುವಾಗ ಹೊರದೇಶದಲ್ಲಿರುವ ಕನ್ನಡಿಗರ ಗೋಡೆಗೂ ಇಲ್ಲಿನ ಮಧ್ಯಮವರ್ಗದ ಗೋಡೆಗೂ ಒಳ್ಳೆಯ ನಕಲೇ ಗತಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಕಲುಗಾರ ತನ್ನ ಹೆಸರನ್ನು ಧೈರ್ಯವಾಗಿ ಕೆಳಗೆ ಬರೆದುಕೊಳ್ಳಬೇಕು. ರವಿವರ್ಮನ ಸಹಿಯನ್ನೂ ಕಾಪಿ ಮಾಡಿ ಮೂಲೆಯಲ್ಲಿ ಹಾಕುವ ಚಾಳಿ ಮಾತ್ರ ನಿಲ್ಲಬೇಕು, ಇಂದಿನ ನಕಲು ನಾಳೆ ಮೋಸವಾಗುವುದು ಅಲ್ಲಿಂದಲೇ.

ಫೋಟೋ ಜೊತೆಗೆ ಆ ಅಂಕವನ್ನೂ ಕಲಾವಿದರ ಕೈಗೆ ಕೊಡಬೇಕು ಎಂದರೆ ಅದು ಅತಿಯಾದ ಬೇಡಿಕೆಯಲ್ಲ. ಕನ್ನಡದಲ್ಲಿ ಬಸವಪ್ಪ ಶಾಸ್ತ್ರಿಗಳಿಂದ ಎಸ್.ವಿ. ಪರಮೇಶ್ವರ ಭಟ್ಟರವರೆಗೆ ಶಾಕುಂತಲದ ಅನುವಾದಗಳಿವೆ. ಒಂದು ಅಂಕ ಓದಲು ಒಂದು ಸಂಜೆ ಸಾಕು. ಓದಿದ ಕೈ ದರ್ಭೆಯ ಜಾಗದಲ್ಲಿ ಮುಳ್ಳುಕಂಟಿ ಬರೆಯುವುದಿಲ್ಲ, ಚಿನ್ನದ ಬಳೆ ತೊಡಿಸುವುದಿಲ್ಲ, ಗೆಳತಿಯರನ್ನು ಕತ್ತರಿಸುವುದೂ ಇಲ್ಲ.

ಓದಿದ ಕೈಗೆ ಇನ್ನೊಂದು ಕೊರತೆಯೂ ಕಾಣುತ್ತದೆ. ಮಾರಾಟಕ್ಕಿರುವ ಶಕುಂತಲೆಯರಲ್ಲಿ ನನ್ನ ಕಣ್ಣಿಗೆ ಬಿದ್ದವರೆಲ್ಲ ಮೊದಲ ಅಂಕದವರು, ಇಲ್ಲವೇ ಮೂರನೆಯ ಅಂಕದವರು. ಹಿಂದಿರುಗಿ ನೋಡುವವಳು, ಇಲ್ಲವೇ ಓಲೆ ಬರೆಯುವವಳು. ಐದನೆಯ ಅಂಕದವಳು ಎಲ್ಲಿ? ಬಸುರಿಯಾಗಿ ಅರಮನೆಗೆ ಬಂದು, ಬೆರಳಲ್ಲಿ ಉಂಗುರವಿಲ್ಲವೆಂದು ಕಂಡು, ರಾಜ ತಾನು ಇವಳನ್ನು ಅರಿಯೆನೆಂದಾಗ ಎಲ್ಲರ ಎದುರು ಅವನನ್ನು ಅನಾರ್ಯನೆಂದು ಕರೆದವಳು ಅವಳು. ಕನ್ನಡದ ಓದುಗರಿಗೆ ಆ ಶಕುಂತಲೆ ಹೊಸಬಳಲ್ಲ. ವೈದೇಹಿಯವರ ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಕತೆಯಲ್ಲಿ ಅವಳು ತನ್ನ ಮಾತನ್ನು ತಾನೇ ಆಡಿದ್ದಾಳೆ. ನಾಚಿ ಬಗ್ಗಿದ ಭಂಗಿಗಳನ್ನು ನೂರಾರು ಸಲ ಬರೆದು ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ರವಿವರ್ಮನದೇ ಮೈಬಣ್ಣ, ರವಿವರ್ಮನದೇ ಬೆಳಕು, ಅವನದೇ ಬಟ್ಟೆಯ ಮಡಿಕೆಗಳನ್ನಿಟ್ಟುಕೊಂಡು ಅವರು ರಾಜನ ಎದುರು ನೆಟ್ಟಗೆ ನಿಂತ ಆ ಹೆಣ್ಣನ್ನು ಬರೆಯಬಲ್ಲರು. ಅದನ್ನು ಬರೆದುಕೊಡಿ ಎಂದು ಕೇಳುವ ಗಿರಾಕಿ, ತೂಗುಹಾಕಲು ಗೋಡೆ ಕೊಡುವ ರಂಗಮಂದಿರ ಸಿಗಬೇಕು.